ಚುಚ್ಚದೆ ಬೇಯಿಸಿದ ಆಲೂಗಡ್ಡೆ

ಅರ್ಧ ಗಂಟೆಯ ಬಿಡುವಿನಲ್ಲಿ ಹೊಟ್ಟೆಗೆ ಬಿಸಿಯಾಗಿ ಏನಾದರೂ ಬೀಳಬೇಕು. ಒಂದು ಹೊಲಿಗೆ ಕಾರ್ಖಾನೆಯ ಆರು ಹೆಂಗಸರು ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ತಲೆಗೊಂದು ಆಲೂಗಡ್ಡೆ ತಂದು, ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಊಟದ ಕೋಣೆಯ ಮೈಕ್ರೋವೇವ್ ಒಲೆಗೆ ಇಡುವುದು. ಯಾರದು ಯಾವುದೆಂದು ಗೊತ್ತಾಗಲು ಒಬ್ಬೊಬ್ಬರೂ ತಮ್ಮ ಗಡ್ಡೆಗೆ ಬಣ್ಣದ ತಲೆಯ ಗುಂಡುಪಿನ್ನುಗಳನ್ನು ಚುಚ್ಚುತ್ತಿದ್ದರು.

ಬಹಳ ದಿನ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಒಲೆಯೊಳಗೆ ಚಟಚಟ ಕಿಡಿ ಹಾರಿತು. ಮೇಲ್ವಿಚಾರಕ ಓಡಿ ಬಂದು, ಇದರೊಳಗೆ ಲೋಹ ಇಡಬಾರದೆಂದು ಬೈದು ಹೋದ. ಅವನು ಹೇಳಿದ್ದು ಸರಿಯೇ. ಮರುದಿನದಿಂದ ಪಿನ್ನಿನ ಬದಲು ಬಣ್ಣದ ದಾರ ಕಟ್ಟಿದರು. ಪಿನ್ನು ಹೋಯಿತು, ಅದರ ಜೊತೆ ಸಿಪ್ಪೆಗೆ ಬೀಳುತ್ತಿದ್ದ ತೂತೂ ಹೋಯಿತು. ಅದು ಯಾರ ತಲೆಗೂ ಹೊಳೆಯಲಿಲ್ಲ.

ಅವರಲ್ಲಿ ಒಬ್ಬಳು ಕೋಟುಗಳಿಗೆ ಕೈಯಲ್ಲೇ ಕಾಜಾ, ಅಂದರೆ ಗುಂಡಿ ತೂರುವ ಕಂಡಿ, ಹಾಕುವವಳು. ಎಲ್ಲರಿಗೂ ಕಾಜಾ ಅಕ್ಕ. ಆ ಕೆಲಸಕ್ಕೆ ಕಣ್ಣೇ ಬಂಡವಾಳ. ಮೂರನೆಯ ದಿನ ಅವಳು ಒಲೆಯಿಂದ ಒಂದು ಗಡ್ಡೆಯನ್ನು ಬಟ್ಟೆಯಲ್ಲಿ ಹಿಡಿದೆತ್ತಿ, ದಾರ ಕೆಂಪೋ ಕಂದೋ ಎಂದು ಮುಖದ ಹತ್ತಿರ ತಂದು ನೋಡಿದಳು. ಗಡ್ಡೆ ಅಲ್ಲೇ ಸಿಡಿಯಿತು. ಕುದಿಯುವ ತಿರುಳು ಎಡಗಣ್ಣಿಗೆ ಬಡಿಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಮನೆಯಲ್ಲೂ ಅಂಥದೊಂದು ಒಲೆಯಿತ್ತು. ಅತ್ತೆ ಅದರ ವೈರು ಕಿತ್ತು, ಮೇಲೆ ಗೋಣಿಚೀಲ ಹೊದಿಸಿ, ಗುಜರಿಗೆ ಹಾಕುವುದೆಂದು ತೀರ್ಮಾನಿಸಿದ್ದಳು. ಕಣ್ಣಿನ ಪಟ್ಟಿ ಬದಲಿಸಲು ಬರುತ್ತಿದ್ದ ಕೆಳಮನೆಯ ನರ್ಸಮ್ಮನ ಮುಂದೆ ದಿನವೂ ಅದೇ ಮಾತು.

"ಉರಿ ಕಾಣದ ಒಲೇನ ನಂಬಬೇಡಿ ಅಂತ ಬಡ್ಕೊಂಡೆ. ನನ್ನ ಮಾತು ಯಾರ ಕಿವಿಗೆ ಬೀಳುತ್ತೆ?"

"ಅಜ್ಜಿ, ಕುಕ್ಕರಿನ ಸೀಟಿ ದಾರಿ ಮುಚ್ಚಿಟ್ರೆ ಏನಾಗುತ್ತೆ?"

"ಸಿಡಿಯುತ್ತೆ. ಅದನ್ನೂ ನೀನೇ ಹೇಳ್ಕೊಡಬೇಕಾ ನಂಗೆ?"

"ಆಲೂಗಡ್ಡೆಗೆ ಸಿಪ್ಪೇನೇ ಮುಚ್ಚಳ. ಒಳಗಿನ ಹಬೆಗೆ ದಾರಿ ಬೇಕಲ್ವಾ? ತಪ್ಪು ಒಲೇದಲ್ಲ."

ನರ್ಸಮ್ಮ ಗೋಣಿಚೀಲ ಸರಿಸಿ, ವೈರನ್ನು ಮತ್ತೆ ಸಿಕ್ಕಿಸಿದಳು. ಆಲೂಗಡ್ಡೆ ತೊಳೆದು, ಮುಳ್ಳುಚಮಚದಿಂದ ಸುತ್ತಲೂ ಹತ್ತು ಕಡೆ ಆಳವಾಗಿ ಚುಚ್ಚಿ, ಚಮಚವನ್ನು ಹೊರಗಿಟ್ಟಳು. ಬೆಳ್ಳಿ ಬಣ್ಣದ ಫಾಯಿಲ್ ಹಾಳೆ ಸುತ್ತಬಾರದು, ಅದೂ ಲೋಹವೇ ಎಂದಳು. ಐದು ನಿಮಿಷ ಬೇಯಿಸಿ, ಮಗುಚಿ ಇನ್ನು ಮೂರು ನಿಮಿಷ ಇಟ್ಟಳು. ಒಲೆ ನಿಂತ ಮೇಲೂ ಐದು ನಿಮಿಷ ಬಾಗಿಲು ತೆಗೆಯಲಿಲ್ಲ. ಅತ್ತೆ ಹೊಸ್ತಿಲಾಚೆಯೇ ನಿಂತು, ಸಿಡಿದರೆ ನಿನ್ನ ಮೂತಿಗೇ ಸಿಡೀಲಿ ಎಂದು ಗೊಣಗುತ್ತಿದ್ದಳು. ನರ್ಸಮ್ಮ ಮುಖ ಹಿಂದಿಟ್ಟು ಬಾಗಿಲು ತೆರೆದು, ದಪ್ಪ ಬಟ್ಟೆಯಲ್ಲಿ ತಟ್ಟೆ ಹಿಡಿದು ಕೆಳಗಿಟ್ಟ ಮೇಲೆಯೇ ಗಡ್ಡೆ ಸೀಳಿದಳು. ಹಬೆ ಮೆಲ್ಲಗೆ ಮೇಲೆದ್ದು ಹೋಯಿತು.

ಅತ್ತೆ ಒಂದು ತುಂಡು ಬಾಯಿಗಿಟ್ಟು, ಉಪ್ಪು ಸಾಲದು ಎಂದಳು. ಗುಜರಿಯ ಮಾತು ಮತ್ತೆ ಎತ್ತಲಿಲ್ಲ.

ಒಳಕೋಣೆಯಿಂದ ಕಾಜಾ ಅಕ್ಕ ಕೇಳಿದಳು: "ಇದನ್ನ ಯಾರಾದ್ರೂ ಮೊದಲೇ ಹೇಳಬಾರದಿತ್ತಾ?"

ನರ್ಸಮ್ಮ ಒಂದು ತುಂಡನ್ನು ತಟ್ಟೆಗೆ ಹಾಕಿ ಅವಳ ಹತ್ತಿರ ಒಯ್ದಳು. ಕಾಜಾ ಅಕ್ಕ ಮತ್ತೆ ಕೇಳಿದಳು: "ನಾನು ಕಾಜಾ ಹಾಕ್ತೀನಾ ಇನ್ನು?"

"ಸುಳ್ಳು ಹೇಳಲ್ಲ ಕಣಕ್ಕ. ಪಟ್ಟಿ ಬಿಚ್ಚಲಿ, ನೋಡೋಣ."

ತಿಂಗಳಾದ ಮೇಲೆ ಪಟ್ಟಿ ಬಿಚ್ಚಿದರು. ಆ ಕಣ್ಣಿಗೆ ಬೆಳಕು ಕಂಡಿತು, ಕಿಟಕಿಯ ಆಕಾರ ಕಂಡಿತು. ಸೂಜಿ ಕಾಣಲಿಲ್ಲ; ಉಳಿದೊಂದು ಕಣ್ಣಿನಲ್ಲಿ ಕಾಜಾದ ಅಂದಾಜು ಸಿಗಲಿಲ್ಲ. ಈಗ ಕಾಜಾ ಅಕ್ಕನಿಗೆ ಬಟ್ಟೆ ಮಡಚುವ ಕೆಲಸ ಕೊಟ್ಟಿದ್ದಾರೆ. ಊಟದ ಬಿಡುವಿನಲ್ಲಿ ಆರು ಗಡ್ಡೆಗಳನ್ನೂ ಅವಳೇ ಚುಚ್ಚುತ್ತಾಳೆ, ಬೇರೆಯವರ ಕೈಗೆ ಬಿಡುವುದಿಲ್ಲ.

ಇದನ್ನು ಓದಿದವರೇ, ಕೇಳಿದವರೇ, ಚುಚ್ಚಲು ಒಂದು ನಿಮಿಷವೂ ಹಿಡಿಯುವುದಿಲ್ಲ. ಒಲೆಯೊಳಗೆ ಲೋಹ ಬೇಡ, ಆತುರ ಬೇಡ, ಬಿಸಿ ಗಡ್ಡೆಯ ಹತ್ತಿರ ಮುಖ ಬೇಡ. ಯಾರಿಗಾದರೂ ಸಿಡಿದರೆ ಕಣ್ಣು ಉಜ್ಜದೆ ತಣ್ಣನೆಯ ಶುದ್ಧ ನೀರು ಹರಿಸುತ್ತಾ ಇರಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪಕ್ಕದ ಮನೆಯವರಿಗೆ ಇದು ಗೊತ್ತಿದೆಯೋ ಇಲ್ಲವೋ, ಇವತ್ತೇ ಹೋಗಿ ಹೇಳಿ. ಕಾಜಾ ಅಕ್ಕನಿಗೆ ಹೇಳುವವರು ಬಂದದ್ದು ತಡವಾಗಿ.