ಮಕ್ಕು ತುಂಬಿದ ಮೇಜು

“ಇದು ನಮ್ಮ ಮನೆ ಮೇಜಲ್ಲ,” ಎಂದರು ರತ್ನಕ್ಕ. ಎರಡು ಸಲ ಅದರ ಮೇಲೆ ಕೈಯಾಡಿಸಿ, ಇನ್ನು ಮಾತೇ ಬೇಡ ಎನ್ನುವಂತೆ ಬಾಗಿಲ ಕಡೆ ತಿರುಗಿದರು.

ಆನಂದಪ್ಪನವರಿಗೆ ಪೇಚಿಗಿಟ್ಟುಕೊಂಡಿತು. ಯಲಹಂಕದ ಈ ಹಳೆಯ ಮನೆಯ ಮುಂದಿನ ಕೋಣೆಯನ್ನು ವಕೀಲ ವೀರಬಸಪ್ಪನವರ ಕಾಲದಲ್ಲಿ ಹೇಗಿತ್ತೋ ಹಾಗೆ ಮಾಡಬೇಕೆಂದು ಸಮಿತಿ ಕಟ್ಟಿ ಚಪ್ಪಲಿ ಸವೆಸಿದವರು ಅವರೇ. ಬ್ಯಾಟರಾಯನಪುರದಿಂದ ಅಬ್ಬಿಗೆರೆಯವರೆಗಿನ ರೈತರ ಅರ್ಜಿಗಳೆಲ್ಲ ತಯಾರಾದದ್ದು ಈ ಕೋಣೆಯಲ್ಲಿ. ವಕೀಲರು ತೀರಿಕೊಂಡ ಮೇಲೆ ಇಪ್ಪತ್ತೇಳು ವರ್ಷ ಮನೆ ಸರ್ಕಾರಿ ಕಚೇರಿಯಾಗಿತ್ತು. ಎಂಬತ್ತನಾಲ್ಕರಲ್ಲಿ ಕಚೇರಿ ಖಾಲಿಯಾದಾಗ ಮೂಲೆಯಲ್ಲಿ ಸಿಕ್ಕಿದ್ದು ಹಸಿರು ಬಣ್ಣದ ಈ ಮೇಜು. ಭಾನುವಾರ ಉದ್ಘಾಟನೆ. ವಕೀಲರ ಮಗಳು ರತ್ನಕ್ಕನೇ ಒಪ್ಪದ ಮೇಲೆ ಇದನ್ನು ಶನಿವಾರ ಮುರುಕು ಕುರ್ಚಿಗಳ ಜೊತೆ ಹರಾಜಿಗೆ ಹಾಕುವುದು, ಯಶವಂತಪುರದಿಂದ ಸನ್‌ಮೈಕಾದ ಹೊಸ ಮೇಜು ತರಿಸುವುದು ಎಂದು ಅವರು ನಿಂತಲ್ಲೇ ತೀರ್ಮಾನಿಸಿದರು.

ಕಿಟಕಿಗೆ ಪಾಲಿಷ್ ಹಾಕುತ್ತಿದ್ದ ರಹಮತುಲ್ಲಾ ಸಾಬರ ಕೈ ನಿಂತಿತು. ಮೇಜು ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಚೇರಿ ಬಂದ ವರ್ಷ ಅದಕ್ಕೆ ಹಸಿರು ಬಳಿದವರು ಅವರೇ. ಆಗ ಅವರಿಗೆ ಇಪ್ಪತ್ತೆರಡು ವರ್ಷ; ಹೆಬ್ಬಾಳದಿಂದೀಚೆಗೆ ತನ್ನಷ್ಟು ನುಣುಪಾಗಿ ಕೆಲಸ ಮಾಡುವವನಿಲ್ಲ ಎಂಬ ಜಂಬ ಬೇರೆ. ಬಣ್ಣ ಹಚ್ಚುವ ಮುಂಚೆ ಮರದ ತೂತು, ಗೀರುಗಳಿಗೆ ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುತ್ತಾರೆ. ಅದಕ್ಕೆ ಮಕ್ಕು ಎನ್ನುತ್ತಾರೆ. ಈ ಮೇಜಿನ ಅಂಚಿನಲ್ಲಿ, ಬರೆಯುವವರ ಕೈ ಊರಿ ಊರಿ ಸವೆದ ಒಂದು ತಗ್ಗಿತ್ತು. ಪಾಲಿಷ್ ಕೆಲಸದವನ ಕಣ್ಣಿಗೆ ತಗ್ಗೆಂದರೆ ದೋಷ. ಮೂರು ಸುತ್ತು ಮಕ್ಕು ತುಂಬಿ, ಉಜ್ಜಿ, ಮಟ್ಟ ಮಾಡಿ, ಕಚೇರಿಯ ಸಾಹೇಬರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದರು.

ಈಗ ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮನೆಯ ಹನ್ನೊಂದು ಬಾಗಿಲುಗಳ ಕೆಲಸ ಕೈಯಲ್ಲಿತ್ತು, ವಕೀಲರ ಮೇಜು ಕೆಡಿಸಿದವನು ಎಂಬ ಹೆಸರು ಯಾರಿಗೆ ಬೇಕು? ಆದರೆ ರತ್ನಕ್ಕ ಎರಡು ಸಲವೂ ಕೈಯಾಡಿಸಿದ್ದು ಸರಿಯಾಗಿ ಆ ಜಾಗದಲ್ಲೇ. ಅದನ್ನು ಕಂಡ ಮೇಲೆ ಸಾಬರಿಗೆ ಸುಮ್ಮನಿರಲಾಗಲಿಲ್ಲ.

“ಅಮ್ಮಾ, ಮೇಜು ನಿಮ್ದೇ,” ಎಂದರು. “ಕೆಡಿಸಿದ್ದು ನಾನು. ನಾಳೆ ಸಂಜೆ ತನಕ ಟೈಮ್ ಕೊಡಿ.”

ರತ್ನಕ್ಕ ಅವರನ್ನು ದಿಟ್ಟಿಸಿ ನೋಡಿ, ನಾಳೆ ಬರುತ್ತೇನೆ ಎಂದಷ್ಟೇ ಹೇಳಿ ಹೋದರು. ಆನಂದಪ್ಪನವರು ಗೊಣಗುತ್ತಲೇ ಒಪ್ಪಿದರು. ಹೊಸ ಮೇಜಂತೂ ಬಂದಿರಲಿ ಎಂದರು.

ಮರುದಿನ ಬೆಳಿಗ್ಗೆ ಸಾಬರು ಗಾಜಿನ ಚೂರು ಹಿಡಿದು ಕೂತರು. ಕಾಸ್ಟಿಕ್ ಸೋಡಾ ಹಾಕಿದರೆ ಗಂಟೆಯಲ್ಲಿ ಬಣ್ಣ ಬಿಡುತ್ತದೆ, ಮರವೂ ಕಪ್ಪಾಗುತ್ತದೆ. ಅದಕ್ಕೇ ಗಾಜು. ಹಸಿರು ಸಿಪ್ಪೆ ಸಿಪ್ಪೆಯಾಗಿ ಎದ್ದಿತು, ಹೆಬ್ಬೆರಳು ಎರಡು ಕಡೆ ಕುಯ್ದುಕೊಂಡಿತು. ಊಟಕ್ಕೂ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತೇಗದ ಮೈ ಕಂಡಿತು, ಎಡಗಡೆಯ ಅಂಚಿನಲ್ಲಿ ಅಂಗೈಯಗಲದ ಬಿಳಿ ಕಲೆಯೂ ಕಂಡಿತು. ಬಿಸಿನೀರಿನ ಬಟ್ಟೆಯನ್ನು ಅದರ ಮೇಲೆ ಹಾಕಿ, ಮೆತ್ತಗಾದಷ್ಟನ್ನು ಮಾತ್ರ ಕೆರೆದು ತೆಗೆಯತೊಡಗಿದರು.

ಆನಂದಪ್ಪನವರು ಬಂದು ಬಗ್ಗಿ ನೋಡಿ ಮುಖ ಗಂಟು ಹಾಕಿದರು.

“ಸಾಬರೇ, ವಕೀಲರು ಬಲಗೈಯವರು ಕಣ್ರೀ. ಫೋಟೋದಲ್ಲೂ ಪೆನ್ನು ಬಲಗೈಲೇ ಇದೆ. ನೀವೇ ಕೆರೆದು ತಗ್ಗು ಮಾಡ್ತಿದ್ದೀರೋ ಹೆಂಗೆ?”

ಸಾಬರಿಗೆ ಕೆನ್ನೆಗೆ ಹೊಡೆದಂತಾಯಿತು. “ನಾನು ತುಂಬಿದ್ದು ಇಲ್ಲೇ ಸಾರ್,” ಎಂದರು. “ಯಾರ ಕೈಯೋ ನಂಗೊತ್ತಿಲ್ಲ.” ಮತ್ತೆ ಬಟ್ಟೆಯನ್ನು ಬಿಸಿನೀರಿಗೆ ಅದ್ದಿದರು.

ಸಂಜೆ ರತ್ನಕ್ಕ ಬಂದಾಗ ಬಿಳಿ ಪೂರ್ತಿ ಹೋಗಿತ್ತು. ಬಟ್ಟಲಿನ ತಳದಂತೆ ನುಣ್ಣಗೆ ಸವೆದ ತಗ್ಗು, ಅದರೊಳಗೆ ಹಳೆಯ ಮಸಿಯ ಎರಡು ಚುಕ್ಕೆ. ಅವರು ಸ್ಟೂಲ್ ಎಳೆದುಕೊಂಡು ಕೂತು ಎಡಗೈಯನ್ನು ಅದರಲ್ಲಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

“ಅಪ್ಪ ಓಡಾಡ್ಕೊಂಡು ಹೇಳೋರು,” ಎಂದರು. “ಬರೀತಿದ್ದಿದ್ದು ಅಮ್ಮ. ಎಡಗೈಲಿ ಬರೀತಾಳೆ ಅಂತ ಜನ ಆಡ್ಕೋತಾರೆ ಅಂದ್ಕೊಂಡು, ಯಾರಾದ್ರೂ ಬಂದ್ರೆ ಎದ್ದು ಒಳಗೆ ಹೋಗ್ಬಿಡೋಳು.”

ಅಷ್ಟೂ ಅರ್ಜಿಗಳ ಕೆಳಗೆ ಇದ್ದದ್ದು ವೀರಬಸಪ್ಪನವರ ರುಜು. ಚಂದ್ರವ್ವನೆಂಬ ಅವರ ಹೆಂಡತಿ ಅಲ್ಲಿ ಕೂತಿದ್ದಳು ಎನ್ನುವುದಕ್ಕೆ ಉಳಿದಿದ್ದ ಗುರುತು ಈ ತಗ್ಗೊಂದೇ. ನಿನ್ನೆ ಅದು ಕೈಗೆ ಸಿಗದಾಗ ಮಗಳಿಗೆ ತಾಯಿಯನ್ನು ಇನ್ನೊಮ್ಮೆ ಮಣ್ಣು ಮಾಡಿದಷ್ಟು ಸಂಕಟವಾಗಿತ್ತು.

ಪೇಂಟರ್ ಆಗ ತಾನೇ ತಂದಿಟ್ಟುಹೋದ ಹಲಗೆ ಬಾಗಿಲಿಗೆ ಒರಗಿ ನಿಂತಿತ್ತು: ‘ವಕೀಲ ವೀರಬಸಪ್ಪನವರು ಬರೆಯುತ್ತಿದ್ದ ಕೋಣೆ’. ರತ್ನಕ್ಕ ಅದನ್ನು ಓದಿದರು. ಆಹ್ವಾನಪತ್ರಿಕೆಯೂ ಹಾಗೇ ಅಚ್ಚಾಗಿದೆ, ಈಗೇನೂ ಮಾಡುವಂತಿಲ್ಲ ಎಂದು ಆನಂದಪ್ಪನವರು ಮೆಲ್ಲಗೆ ಹೇಳಿದರು. ರತ್ನಕ್ಕ ಹಲಗೆಯ ಅಕ್ಷರಗಳತ್ತ ಬೆರಳು ಮಾಡಿ ಸಾಬರ ಕಡೆ ತಿರುಗಿದರು.

“ಸಾಬರೇ, ಇದು ಒರೆಸಿದ್ರೆ ಹೋಗತ್ತಾ?”

“ಹಸಿ ಬಣ್ಣ ಅಮ್ಮಾ. ಹೋಗತ್ತೆ.”

ಸಾಬರು ಹಲಗೆಯನ್ನು ನೆಲದ ಮೇಲೆ ಮಲಗಿಸಿದರು. ಬಟ್ಟೆಯನ್ನು ಎರಡು ತುಂಡು ಮಾಡಿ, ಟರ್ಪೆಂಟೈನಿನಲ್ಲಿ ಅದ್ದಿ, ಒಂದನ್ನು ರತ್ನಕ್ಕನ ಕೈಗಿಟ್ಟರು. ಆನಂದಪ್ಪನವರು ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ಹಲಗೆ ಅಲುಗದಂತೆ ಎರಡೂ ಕೈಯಿಂದ ಹಿಡಿದುಕೊಂಡರು.