ನೂರಕ್ಕೆ ಇಪ್ಪತ್ತು ಸುತ್ತು ಕಡಿಮೆ

ಬರಲಿರುವ ಒಂದಾನೊಂದು ಕಾಲದಲ್ಲಿ, ಮನುಷ್ಯರು ನೆಲದ ಹೊಟ್ಟೆ ಬಗೆದು ತಾಮ್ರವನ್ನೆಲ್ಲ ತಿಂದು ತೇಗಿದ ಮೇಲೆ, ನಾಲ್ಕು ಮಹಡಿಯ ಒಂದು ಕಟ್ಟಡವಿತ್ತು. ತಲೆಯ ಮೇಲೆ ನೀರಿನ ಟ್ಯಾಂಕು, ಕಾಲಬುಡದಲ್ಲಿ ಬಾವಿ, ನಡುವೆ ನೀರೆತ್ತಲು ಒಂದೇ ಒಂದು ಮೋಟರು. ಕರೆಂಟು ಬೆಳಿಗ್ಗೆ ಆರರಿಂದ ಎಂಟರವರೆಗೆ. ಅದೂ ಒಲ್ಲದ ಮನಸ್ಸಿನ ನೆಂಟರ ಹಾಗೆ, ಕೂತಂತೆ ಮಾಡಿ ಎದ್ದು ಹೋಗುತ್ತಿತ್ತು.

ಆ ಕಾಲದಲ್ಲಿ ಎಲ್ಲದಕ್ಕೂ ಬರ ಬಂದಿತ್ತು, ಸಮಿತಿಗಳಿಗೆ ಮಾತ್ರ ಬಂದಿರಲಿಲ್ಲ. ಈ ಕಟ್ಟಡಕ್ಕೂ ಒಂದು ಮಿತವ್ಯಯ ಸಮಿತಿಯಿತ್ತು. ಅದರ ಅಧ್ಯಕ್ಷರು ನೆಲಮಹಡಿಯವರು; ಅವರ ಅಡಿಗೆಮನೆಯಿಂದ ಬಾವಿಗೆ ಹತ್ತು ಹೆಜ್ಜೆ. ಹಾಗಾಗಿ ನೀರಿನ ಕಷ್ಟದ ಬಗ್ಗೆ ಅವರು ಬಹಳ ಸಮಾಧಾನದಿಂದ ಯೋಚಿಸಬಲ್ಲವರಾಗಿದ್ದರು.

ನಾಲ್ಕನೇ ಮಹಡಿಯಲ್ಲಿ ಸುತ್ತಕ್ಕ ಇದ್ದಳು. ಸುಟ್ಟುಹೋದ ಮೋಟರಿನೊಳಗೆ ಹೊಸ ತಂತಿ ಸುತ್ತಿ ಜೀವ ಬರಿಸುವುದು ಅವಳ ಕಸುಬು. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತುಹೋಗುವಷ್ಟು ವರ್ಷದಿಂದ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವಳ ಜೊತೆಗಿದ್ದವರು ಅತ್ತೆ ಒಬ್ಬರೇ. ಸೊಂಟ ಮುರಿದು ವರ್ಷವಾದ ಅತ್ತೆ ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ ಗೋಡೆ ಹಿಡಿದು ನಡೆಯುತ್ತಿದ್ದರು. ನಾಲಿಗೆಗೆ ಮಾತ್ರ ಯಾವ ಗೋಡೆಯ ಆಸರೆಯೂ ಬೇಕಿರಲಿಲ್ಲ.

ಒಂದು ದಿನ ಮೋಟರು ಸುಟ್ಟಿತು. ಸುತ್ತಕ್ಕ ತಂತಿ ಕೇಳಿದಳು. ಸಮಿತಿ ಎರಡು ದಿನ ಕೂತು ಒಂದು ಠರಾವು ಹೆತ್ತಿತು: ಇನ್ನು ಮುಂದೆ ಪ್ರತಿ ಸುರುಳಿಯೂ ನೂರಕ್ಕೆ ಇಪ್ಪತ್ತು ಸುತ್ತು ಬಿಟ್ಟುಕೊಡತಕ್ಕದ್ದು. ಸುತ್ತು ಕಡಿಮೆಯಾದರೆ ಮೋಟರು ಕರೆಂಟು ಜಾಸ್ತಿ ಎಳೆಯುತ್ತದೆ, ಕಾಯುತ್ತದೆ, ಸುಡುತ್ತದೆ ಎಂದು ಸುತ್ತಕ್ಕ ಬಿಡಿಸಿ ಬಿಡಿಸಿ ಹೇಳಿದಳು. ಅಧ್ಯಕ್ಷರು ಮಗುವಿಗೆ ಹೇಳುವಂತೆ ನಕ್ಕರು.

“ಊರೇ ಹೊಟ್ಟೆ ಕಟ್ಟಿ ಬದುಕ್ತಿದೆ ಕಣಮ್ಮ. ನಿನ್ನ ಮೋಟರಿಗೆ ಏನು ಕೋಡು ಬಂದಿದೆಯಾ?”

ಬೇರೆ ತಂತಿ ಎಲ್ಲೂ ಸಿಗುವಂತಿರಲಿಲ್ಲ. ಅವರು ಅಳೆದು ಕೊಟ್ಟಷ್ಟನ್ನೇ ಸುತ್ತಿದಳು. ಮೂರನೆಯ ಬೆಳಿಗ್ಗೆ ಬಾವಿಯ ಕಡೆಯಿಂದ ಸುಟ್ಟ ವಾರ್ನಿಷಿನ ವಾಸನೆ ಮೆಟ್ಟಿಲು ಹತ್ತಿ ಬಂತು. ನೀರು ಬರಲಿಲ್ಲ. ಮೋಟರಿಗೆ ತಾಳ್ಮೆ ಸಾಲದು ಎಂದು ಸಮಿತಿ ಖಂಡನೆ ಬರೆದುಕೊಂಡಿತು. ಅದೇ ಹಾಳೆಯ ಕೆಳಗೆ ಇನ್ನೊಂದು ಮಾತೂ ಸೇರಿತು: ಮೇಲಿನ ಮಹಡಿಗಳಲ್ಲಿ ಮೆಟ್ಟಿಲಿಳಿಯಲಾಗದವರು ಯಾರಿದ್ದರೂ ತಿಂಗಳ ಕೊನೆಗೆ ಕೆಳಗಿನ ಆಶ್ರಯ ಕೇಂದ್ರಕ್ಕೆ ಹೋಗಬೇಕು. ಹನ್ನೆರಡು ಮಂಚ, ಎರಡು ಬಕೆಟ್ಟು.

ಸುದ್ದಿ ಕೇಳಿ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಆ ದಿನ ಅನ್ನಕ್ಕೆ ಉಪ್ಪು ಜಾಸ್ತಿಯಾಗಿದ್ದರೂ ಏನೂ ಅನ್ನಲಿಲ್ಲ. ಬೈಗುಳವಿಲ್ಲದ ಅತ್ತೆಯನ್ನು ಸುತ್ತಕ್ಕ ನೋಡಿದ್ದೇ ಇಲ್ಲ.

“ಅತ್ತೆ, ತಿಂಗಳು ಮುಗಿಯೋದರೊಳಗೆ ನಿಮ್ಮ ಬಚ್ಚಲ ನಲ್ಲಿ ನೀರಲ್ಲೇ ನಿಮ್ಮ ತಲೆಗೆ ಎರೀತೀನಿ. ಎಲ್ಲೂ ಕಳಿಸಲ್ಲ.”

“ಅರವತ್ತೆಂಟು ಮೆಟ್ಟಿಲು ಕೊಡ ಹೊತ್ತು ನಿನ್ನ ಸೊಂಟಾನೂ ಮುರಿದರೆ ನಮ್ಮಿಬ್ಬರಿಗೂ ಗೋಡೆ ಸಾಲದು ಕಣೇ,” ಎಂದರು ಅತ್ತೆ, ಗೋಡೆಗೇ ಹೇಳಿದಂತೆ.

ಮಾತು ಕೊಟ್ಟಾಗಿತ್ತು, ತಂತಿ ಇರಲಿಲ್ಲ. ಸುಟ್ಟ ತಂತಿಯ ಮೇಲುಪದರ ಉಗುರು ತಾಗಿದರೆ ಉದುರುತ್ತಿತ್ತು, ಅದನ್ನೇ ಮತ್ತೆ ಸುತ್ತುವಂತಿರಲಿಲ್ಲ. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿದ್ದಾಗ ಅವಳು ಸಮಿತಿಯ ಸಭಾಂಗಣಕ್ಕೆ ಹೋದಳು. ಸಭೆ ಹನ್ನೊಂದು ಗಂಟೆಗೆ, ಅಂದರೆ ಕರೆಂಟು ಹೋಗಿ ಮೂರು ಗಂಟೆಯ ಮೇಲೆ. ಚಾವಣಿಯಲ್ಲಿ ಆರು ಫ್ಯಾನು ತೂಗುತ್ತಿದ್ದವು, ಒಂದೂ ತಿರುಗುತ್ತಿರಲಿಲ್ಲ. ಆದರೂ ಸದಸ್ಯರು ಹಿರಿತನದ ಪ್ರಕಾರ ಒಂದೊಂದು ಫ್ಯಾನಿನ ಕೆಳಗೆ ಕೂತು, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಠರಾವಿನ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

ಫ್ಯಾನಿನೊಳಗೂ ತಾಮ್ರ ಇದೆ, ಕೊಡಿ ಎಂದಳು. ಅದು ಸಂಸ್ಥೆಯ ಮರ್ಯಾದೆಯ ಪ್ರಶ್ನೆ, ಆಗದು ಎಂದರು. ಸುತ್ತಕ್ಕ ವಾದಕ್ಕೆ ಹೋಗಲಿಲ್ಲ. ಸೀರೆಯ ಸೆರಗಿನಿಂದ ಅಳತೆಪಟ್ಟಿ ತೆಗೆದು ಅಧ್ಯಕ್ಷರ ಕುರ್ಚಿಯ ಸುತ್ತಲಿನ ನೆಲ ಅಳೆಯತೊಡಗಿದಳು.

ಏನು ಮಾಡ್ತಿದ್ದೀ ಎಂದು ಕೇಳಿದ್ದಕ್ಕೆ ಅವಳು ತಲೆಯೆತ್ತದೆ ಹೇಳಿದಳು:

“ಕೆಳಗಡೆ ಹನ್ನೆರಡು ಮಂಚ ಹಿಡಿಯೋ ಕೋಣೆ ಇದೊಂದೇ ಅಲ್ವಾ, ಅಧ್ಯಕ್ಷರೇ? ಆಶ್ರಯ ಕೇಂದ್ರ ಅಂದರೆ ಇದೇ. ನಮ್ಮತ್ತೆ ಮಂಚ ಇಲ್ಲಿ ಹಾಕ್ತೀನಿ, ನಿಮ್ಮ ಪಕ್ಕಕ್ಕೆ. ನಿಮ್ಮ ಸಭೆಗೆ ಅಡ್ಡಿ ಮಾಡಲ್ಲ. ಮಲಗಿದಲ್ಲೇ ಕೇಳ್ತಾರೆ, ನಡುನಡುವೆ ಮಾತಾಡ್ತಾರೆ, ಅಷ್ಟೆ.”

ಸಮಿತಿ ಠರಾವು ಮಾಡುವಾಗ ಮಂಚ ಎಣಿಸಿತ್ತು, ಬಕೆಟ್ಟು ಎಣಿಸಿತ್ತು, ಕೋಣೆ ಯಾವುದೆಂದು ಯೋಚಿಸಿರಲಿಲ್ಲ. ಅತ್ತೆ ಒಮ್ಮೆ ನಾಲ್ಕನೇ ಮಹಡಿಯ ಕಿಟಕಿಯಿಂದ ಅಧ್ಯಕ್ಷರಿಗೆ ಮಾಡಿದ್ದ ಮಂಗಳಾರತಿ ಎಲ್ಲರಿಗೂ ನೆನಪಿತ್ತು. ಹನ್ನೆರಡು ನಿಮಿಷದೊಳಗೆ ಹೊಸ ಠರಾವು ಹುಟ್ಟಿತು: ದುಡಿಯದ ಯಂತ್ರದ ತಾಮ್ರ ದುಡಿಯುವ ಯಂತ್ರಕ್ಕೆ. ಏಣಿಯನ್ನು ಅಧ್ಯಕ್ಷರೇ ಹಿಡಿದರು.

ಆರೂ ಫ್ಯಾನುಗಳ ಒಂದು ತಂತಿಯೂ ಸುಟ್ಟಿರಲಿಲ್ಲ. ದುಡಿದಿದ್ದರಲ್ಲವೇ ಸುಡುವುದು. ಎಳೆ ತೆಳುವಾಗಿತ್ತೆಂದು ಸುತ್ತಕ್ಕ ಐದೈದು ಎಳೆ ಜೋಡಿಸಿ ಹೊಸೆದಂತೆ ಸುತ್ತಿದಳು. ತಂತಿ ಕಬ್ಬಿಣಕ್ಕೆ ತಾಗದಿರಲೆಂದು ಮೋಟರಿನ ಸಂದುಗಳಿಗೆ ಹಳೆಯ ಪಂಚಾಂಗದ ದಪ್ಪ ರಟ್ಟು ಮಡಿಸಿಟ್ಟಳು, ಬಿದಿರಿನ ಸೀಳು ಬಡಿದು ಬಿಗಿದಳು. ಮೇಲ್ವಿಚಾರಣೆಗೆಂದು ಬಂದ ಅಧ್ಯಕ್ಷರು ಎದುರಿಗೆ ಕೂತು ಪ್ರತಿ ಸುರುಳಿಯನ್ನೂ ಎಣಿಸಿದರು. ಎಂಬತ್ತಾದಾಗಲೆಲ್ಲ ಕೆಮ್ಮಿದರು. ಅವಳು ತಲೆಯೆತ್ತದೆ ಎಂಬತ್ತೊಂದು ಎಂದಳು. ಕೊನೆಯ ಸುರುಳಿಯ ಹೊತ್ತಿಗೆ ಅವರೇ ಬಾಯಿಬಿಟ್ಟು ತೊಂಬತ್ತೆಂಟು, ತೊಂಬತ್ತೊಂಬತ್ತು ಎನ್ನುತ್ತಿದ್ದರು.

ತಿಂಗಳ ಕೊನೆಯ ಬೆಳಿಗ್ಗೆ ಆರು ಗಂಟೆಗೆ ಗುಂಡಿ ಒತ್ತಿದಳು. ಮೋಟರು ಒಮ್ಮೆ ನಡುಗಿ ಹಾಡತೊಡಗಿತು. ಅವಳು ಅದರ ಮೈಗೆ ಕೈಯಿಟ್ಟು ಅರ್ಧ ಗಂಟೆ ಅಲ್ಲೇ ಕೂತಳು, ಜ್ವರದ ಮಗುವನ್ನು ನೋಡುವವಳ ಹಾಗೆ. ಬೆಚ್ಚಗಾಯಿತು, ಸುಡಲಿಲ್ಲ. ಆಮೇಲೆ ಬರಿಗೈಯಲ್ಲಿ ಮೆಟ್ಟಿಲು ಹತ್ತಿದಳು.

ನಲ್ಲಿ ಮೊದಲು ಗಾಳಿ ಉಗುಳಿತು, ಆಮೇಲೆ ಕೆಂಪು ತುಕ್ಕು, ಆಮೇಲೆ ನೀರು. ಅತ್ತೆ ಮಣೆಯ ಮೇಲೆ ಕೂತು ಜಡೆ ಬಿಚ್ಚಿದರು. ತಣ್ಣಗಿದೆ, ನಿಧಾನ, ಕಿವಿಗೆ ಹೋಗುತ್ತೆ, ಹಾಳಾದವಳೇ ಎಂದು ಶುರುಮಾಡಿದರು. ಸುತ್ತಕ್ಕ ತಂಬಿಗೆ ತುಂಬಿ ಅವರ ತಲೆಯ ಮೇಲೆ ಸುರಿದಳು.