ಹದಿನೇಳನೇ ನಂಬರಿನ ಕೌದಿ

ಯಾವ ಪ್ರದರ್ಶನಕ್ಕೆ ಹೋದರೂ ಮಹಾಮಾಯಾ ಮೊದಲು ಕೌದಿಯ ಬೆನ್ನು ನೋಡುತ್ತಿದ್ದಳು. ಮುಖ ನೋಡಿ ಹೊಗಳುವವರು ಬೇಕಾದಷ್ಟು ಮಂದಿ ಇದ್ದಾರೆ, ತಾನು ಮಾತ್ರ ಬೆನ್ನು ನೋಡುವವಳು ಎಂದು ಹೇಳಿಕೊಳ್ಳುವುದರಲ್ಲಿ ಅವಳಿಗೊಂದು ಹಮ್ಮು. ತೂಗುಹಾಕಿದ ಕೌದಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ತಿರುವುವಳು, ಹುಬ್ಬು ಗಂಟಿಕ್ಕುವಳು. ಹೊಲಿದವಳು ಪಕ್ಕದಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದಾಳೆಂದು ಗೊತ್ತಿದ್ದೂ, ಹತ್ತು ಜನಕ್ಕೆ ಕೇಳುವ ಹಾಗೆ ಮಾತು ಬಿಡುವಳು. ಔರಾದದ ಪ್ರದರ್ಶನದಲ್ಲಿ ಒಬ್ಬ ಮುದುಕಿಗೆ "ಇದನ್ನ ನಿದ್ದಿಗಣ್ಣಾಗ ಹೊಲಿದೀಯೇನು ಆಯಿ?" ಎಂದಿದ್ದಳು. ಆ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರೆ, "ಅತ್ತರ ಹೊಲಿಗಿ ನೆಟ್ಟಗ ಆಗ್ತದೇನು?" ಎಂದು ಮುಂದಿನ ಕೌದಿಗೆ ಹೋಗಿದ್ದಳು.

ಸುಳ್ಳು ಯಾಕೆ ಹೇಳಬೇಕು, ಅವಳ ಕೈಚಳಕ ಮಾತ್ರ ದೊಡ್ಡದೇ. ಐವತ್ತಾರನೇ ವಯಸ್ಸಿಗೆ ಅವಳ ಕೌದಿಗಳು ಅಹಮದಾಬಾದ, ಜೈಪುರ, ದೆಹಲಿ ಸುತ್ತಿ ಬಂದಿದ್ದವು. ಹೊದ್ದುಕೊಳ್ಳುವ ವಸ್ತುವನ್ನು ಗೋಡೆಗೆ ಏರಿಸಿ ಜನ ಕೈಕಟ್ಟಿ ನೋಡುವ ಹಾಗೆ ಮಾಡಿದವಳು ಅವಳು. ಬೀದರದಲ್ಲಿ ಅವಳ ಮನೆಯ ಮುಂದಿನ ಕೋಣೆಯ ತುಂಬ ಶಾಲು, ಫಲಕ, ಫೋಟೋ. ವರ್ಷದಲ್ಲಿ ಆರು ತಿಂಗಳು ರೈಲಿನಲ್ಲೇ ಇರುತ್ತಿದ್ದಳು. ತನ್ನದು ಇಲ್ಲದ ಪ್ರದರ್ಶನಗಳಿಗೂ ಹೋಗುತ್ತಿದ್ದಳು. ಬೇರೆಯವರ ತಪ್ಪು ಹುಡುಕುವ ಸುಖ ಅವಳಿಗೆ ಊಟಕ್ಕಿಂತ ಹೆಚ್ಚು.

ಎಲ್ಲಿ ಮಾತಾಡಲು ನಿಂತರೂ ಅವಳು ಹೇಳುತ್ತಿದ್ದದ್ದು ಒಂದೇ ಕಥೆ. ಭಾಲ್ಕಿ ಹತ್ತಿರದ ಹಲಬರ್ಗಾದಲ್ಲಿ ಅವಳ ತಾಯಿ ಕೌಸಲ್ಯಾಬಾಯಿ ಹಗಲೆಲ್ಲ ಮಂದಿಯ ಹೊಲದಲ್ಲಿ ತೊಗರಿ ಕೊಯ್ದು, ಬಿಡುವಿನ ದಿನ ಕೌದಿಗೆ ಕೂರುತ್ತಿದ್ದಳು. ಕುಡುಗೋಲು ತಾಗಿ ಅವಳ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಅದಕ್ಕೇ ಅವಳ ಹೊಲಿಗೆ ಎರಡು ಗಿಡ್ಡ, ಒಂದು ಉದ್ದ, ಮತ್ತೆ ಎರಡು ಗಿಡ್ಡ, ಒಂದು ಉದ್ದ ಹೋಗುತ್ತಿತ್ತು. "ನನ್ನ ಕಣ್ಣು ಕಟ್ಟಿ ಸಾವಿರ ಕೌದಿ ಮುಂದಿಡಿ, ನಮ್ಮವ್ವನದನ್ನು ನನ್ನ ಬೆರಳು ಹುಡುಕಿ ತೆಗೆಯುತ್ತದೆ" ಎಂದು ಮಹಾಮಾಯಾ ಮುಗಿಸುತ್ತಿದ್ದಳು. ಈ ಮಾತಿಗೆ ಚಪ್ಪಾಳೆ ಬೀಳದ ಊರಿಲ್ಲ. ಅವಳ ಪ್ರದರ್ಶನದ ಪುಸ್ತಿಕೆಗಳ ಮೊದಲ ಪುಟದಲ್ಲೂ ಅದೇ ಮಾತು ಅಚ್ಚಾಗುತ್ತಿತ್ತು.

ಆ ತಾಯಿಯದು ಉಳಿದದ್ದು ಒಂದೇ ಕೌದಿ, ಅದೂ ಅವಳ ಹತ್ತಿರ ಇರಲಿಲ್ಲ. ಅದು ಹಲಬರ್ಗಾದಲ್ಲಿ ತಮ್ಮ ರತ್ನದೀಪನ ಹೆಂಡತಿ ಪ್ರಣಾಲಿಯ ಕೈಯಲ್ಲಿತ್ತು. ಕೌಸಲ್ಯಾಬಾಯಿ ಹಾಸಿಗೆ ಹಿಡಿದ ಆರು ವರ್ಷ ಉಚ್ಚೆ ಬಳಿದವಳು, ಅನ್ನ ಕಲಿಸಿ ತಿನ್ನಿಸಿದವಳು ಪ್ರಣಾಲಿ. ತಾಯಿ ಸತ್ತ ದಿನ ಮಹಾಮಾಯಾ ಜೈಪುರದಲ್ಲಿ ಪ್ರದರ್ಶನದ ಉದ್ಘಾಟನೆಯ ರಿಬ್ಬನ್ನಿನ ಪಕ್ಕ ನಿಂತಿದ್ದಳು. ಮೂರನೇ ದಿನಕ್ಕೆ ಬಂದಳು. ಬಂದವಳು ಕಾಲಿಗೆ ನೀರೂ ಹಾಕಿಕೊಳ್ಳದೆ ಕೇಳಿದ್ದು "ಅವ್ವನ ಕೌದಿ ಎಲ್ಲದ?" ಎಂದು. ಪ್ರಣಾಲಿ ಅವಳ ಮುಖವನ್ನೇ ನೋಡಿ, "ಅದರಿ. ಭಾಳ ಹರದದ. ಮುಂದ ನೋಡೋಣ್ರಿ" ಎಂದಿದ್ದಳು. ಆ 'ಮುಂದ'ಕ್ಕೆ ಈಗ ಐದು ವರ್ಷ.

ಪ್ರಣಾಲಿಗೆ ಅದಕ್ಕೂ ಹಿಂದಿನ ಒಂದು ಗಾಯವಿತ್ತು. ಭಾಲ್ಕಿಯ ಪ್ರದರ್ಶನಕ್ಕೆ ಅವಳು ಆಸೆಯಿಂದ ತನ್ನ ಮೊದಲ ಕೌದಿ ತಂದಾಗ, ಮಹಾಮಾಯಾ ಅದನ್ನು ತಿರುವಿ ನೋಡಿ, "ನಮ್ಮ ಮನಿತನದ ಹೆಸರ ಹೇಳಬ್ಯಾಡ ಇದಕ್ಕ. ಬಾಗಲಿಗೆ ಹಾಸು, ಕಾಲ ಒರಸ್ಲಿಕ್ಕೆ ಬರ್ತದ" ಎಂದಿದ್ದಳು. ಪ್ರಣಾಲಿ ಆವತ್ತು ನಕ್ಕು ಸುಮ್ಮನಾಗಿದ್ದಳು. ಸುಮ್ಮನಾದವರು ಮರೆತಿದ್ದಾರೆ ಎಂದು ತಿಳಿಯುವುದು ಮಹಾಮಾಯಾಳಂಥವರ ಕಾಯಿಲೆ.

ಈ ವರ್ಷ ಆ ಕೌದಿ ಅವಳಿಗೆ ಬೇಕೇ ಬೇಕಾಗಿತ್ತು. ದೆಹಲಿಯ ದೊಡ್ಡ ಸಂಗ್ರಹಾಲಯವೊಂದು ತಾಯಿ-ಮಗಳ ಕೆಲಸವನ್ನು ಅಕ್ಕಪಕ್ಕ ತೂಗುಹಾಕುವ ಪ್ರದರ್ಶನಕ್ಕೆ ಅವಳನ್ನು ಕರೆದಿತ್ತು. ತಾಯಿಯ ಕೌದಿ ಮಾರ್ಚಿ ತಿಂಗಳೊಳಗೆ ತಲುಪದಿದ್ದರೆ ಆ ಜಾಗ ಬೇರೆಯವರಿಗೆ ಎಂದು ಸ್ಪಷ್ಟವಾಗಿ ಬರೆದಿದ್ದರು. ಮಹಾಮಾಯಾ ಮೂರು ಸಲ ಫೋನು ಮಾಡಿದಳು. ಮೂರನೇ ಸಲ ಪ್ರಣಾಲಿ, "ಬೀದರಕ್ಕ ಪ್ರದರ್ಶನಕ್ಕ ಬರ್ತೇನ್ರಿ ಅಕ್ಕಾರ. ಅಲ್ಲೇ ಮಾತಾಡೋಣು" ಎಂದಳು. ಮಹಾಮಾಯಾಳಿಗೆ ಅಷ್ಟೇ ಸಾಕಾಯಿತು. ಅವಳು ಫೋನಿಟ್ಟು, ಹೊಸ ರೇಷ್ಮೆ ಸೀರೆ ತೆಗೆದಿಟ್ಟಳು.

ಬೀದರದ ಪ್ರದರ್ಶನ ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರದ ಒಂದು ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆ ಛತ್ರದಲ್ಲಿ. ಹೊರಗೆ ತೊಗರಿ ಲಾರಿಗಳ ಹಾರ್ನು, ಒಳಗೆ ಕಬ್ಬಿಣದ ಚೌಕಟ್ಟುಗಳ ಮೇಲೆ ಇಪ್ಪತ್ತೆರಡು ಕೌದಿ. ತೀರ್ಪುಗಾರ್ತಿ ಮಹಾಮಾಯಾ ಒಬ್ಬಳೇ. ಹೆಸರು ನೋಡಿ ಬಹುಮಾನ ಕೊಟ್ಟರೆಂಬ ಮಾತು ಬರಬಾರದೆಂದು ಕೌದಿಗಳಿಗೆ ನಂಬರು ಚೀಟಿ ಮಾತ್ರ ಹಚ್ಚಿದ್ದರು. ಇನ್ನೊಂದು ಕರಾರು ಅವಳೇ ಹಾಕಿಸಿದ್ದು: ಒಳಗೆ ಹಳೆಯ ಬಟ್ಟೆಯೇ ಇರಬೇಕು. ಹೋದ ವರ್ಷ ಯಾರೋ ಅಂಗಡಿಯ ಸ್ಪಂಜಿನ ರಜಾಯಿಗೆ ಮೇಲೆ ತೇಪೆ ಹೊಲಿದು ತಂದು ಬಹುಮಾನ ಹೊಡೆದಿದ್ದರು.

ಈ ಸೀಮೆಯಲ್ಲಿ ಕೌದಿ ಸವೆದರೆ ಬಿಚ್ಚುವುದಿಲ್ಲ, ಬಿಸಾಡುವುದೂ ಇಲ್ಲ. ಅದರ ಮೇಲೆ, ಕೆಳಗೆ ಹೊಸ ತೇಪೆಯ ಪದರು ಹಾಸಿ ಮತ್ತೆ ಹೊಲಿಯುತ್ತಾರೆ. ಹೀಗೆ ಅಜ್ಜಿಯ ಕೌದಿ ಮೊಮ್ಮಗಳ ಕೌದಿಯ ಹೊಟ್ಟೆಯಲ್ಲಿ ಬೆಚ್ಚಗೆ ಉಳಿಯುತ್ತದೆ. ಇದು ಮಹಾಮಾಯಾಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ದೆಹಲಿಯಲ್ಲಿ ಇದರ ಮೇಲೆ ಒಂದು ತಾಸು ಭಾಷಣ ಮಾಡಿದವಳು.

ಅವತ್ತು ಅವಳಿಗೆ ಖುಷಿ ನೆತ್ತಿಗೇರಿತ್ತು. ಮೂರನೇ ಸಾಲಿನ ಕುರ್ಚಿಯಲ್ಲಿ ಪ್ರಣಾಲಿ ಕೂತಿದ್ದಳು. ಸಂಜೆಯೊಳಗೆ ಅವ್ವನ ಕೌದಿ ಕೈಗೆ ಬರುತ್ತದೆ. ಸ್ಥಳೀಯ ಚಾನೆಲ್ಲಿನ ಹುಡುಗಿ ಮುಸರ್ರತ ಮೈಕು ಹಿಡಿದು ಹಿಂದೆಯೇ ಬರುತ್ತಿದ್ದಳು, ಜನ ಮೊಬೈಲು ಎತ್ತಿ ಹಿಡಿದಿದ್ದರು. ಇಷ್ಟು ಕಣ್ಣು ಮೇಲಿದ್ದರೆ ಮಹಾಮಾಯಾಳ ನಾಲಿಗೆ ಇನ್ನೂ ಹರಿತವಾಗುತ್ತಿತ್ತು. ಒಂಬತ್ತನೆಯದಕ್ಕೆ "ಬಣ್ಣದಂಗಡಿ" ಎಂದಳು, ಹದಿಮೂರನೆಯದಕ್ಕೆ ಬರೀ ಮೂಗು ಮುರಿದಳು.

ಹದಿನೇಳನೆಯದು ದಪ್ಪ ಕೌದಿ. ಮೇಲಿನ ತೇಪೆಗಳು ಸಾದಾ, ಹೊಲಿಗೆ ನೆಟ್ಟಗೆ. ಮಹಾಮಾಯಾ ಅಂಗೈಯನ್ನು ಅದರ ಮೇಲೆ ಒಮ್ಮೆ ಎಳೆದಳು. ಎಳೆದದ್ದು ಅಷ್ಟೇ, ಕಣ್ಣು ಮೈಕಿನ ಮೇಲಿತ್ತು.

"ಸತ್ತ ಕೈ" ಎಂದಳು. "ಜೀವನೇ ಇಲ್ಲ ಇದರಾಗ. ಮತ್ತ ಇಷ್ಟು ದಪ್ಪ ಯಾಕದ? ಸ್ಪಂಜ ತುಂಬ್ಯಾರ ಒಳಗ."

"ಇನ್ನೊಂದ ಸಲ ಮುಟ್ಟಿ ನೋಡ್ರಿ" ಎಂದು ಮೂರನೇ ಸಾಲಿನಿಂದ ಒಂದು ಹೆಣ್ಣುಧ್ವನಿ ಬಂತು. ಮಹಾಮಾಯಾ ತಿರುಗಿಯೂ ನೋಡಲಿಲ್ಲ.

"ನನ್ನ ಕೈ ಒಮ್ಮೆ ಮುಟ್ಟಿದ್ರ ಮುಗೀತು. ಗೋರಖನಾಥ, ಕತ್ತರಿ ತಗೊಂಬಾ."

ಕಾರ್ಯಾಲಯದ ವ್ಯವಸ್ಥೆ ನೋಡುವ ಗೋರಖನಾಥ ಮುಂಜಾನೆ ಉದ್ಘಾಟನೆಗೆ ತಂದಿದ್ದ ಕತ್ತರಿಯನ್ನೇ ತಟ್ಟೆಯಲ್ಲಿಟ್ಟು ತಂದ. ನಿಯಮದ ಪ್ರಕಾರ ಮೂಲೆಯ ನಾಲ್ಕು ಹೊಲಿಗೆ ಬಿಚ್ಚಿ ನೋಡಿದರೆ ಸಾಕಿತ್ತು. ಅಷ್ಟರಿಂದ ತಮಾಷೆ ಆಗುತ್ತಿರಲಿಲ್ಲ. ಅವಳು ನಡುವಿಗೇ ಕತ್ತರಿಯ ಮೂತಿ ಚುಚ್ಚಿ ಒಂದೂವರೆ ಗೇಣು ಎಳೆದಳು. ಬಟ್ಟೆ ಕರಕರ ಎಂದಿತು, ಜನ "ಅಯ್ಯಯ್ಯ" ಎಂದರು, ಅವಳು ಎರಡೂ ಕೈಯಿಂದ ಸೀಳನ್ನು ಅಗಲಿಸಿದಳು.

ಒಳಗೆ ಸ್ಪಂಜು ಇರಲಿಲ್ಲ. ಇನ್ನೊಂದು ಕೌದಿಯಿತ್ತು.

ಎರಡು ಗಿಡ್ಡ, ಒಂದು ಉದ್ದ. ಎರಡು ಗಿಡ್ಡ, ಒಂದು ಉದ್ದ. ಕೌಸಲ್ಯಾಬಾಯಿಯ ಹಸಿರು ಇಳಕಲ್ ಸೀರೆಯ ತುಂಡಿನ ಪಕ್ಕ ಮಹಾಮಾಯಾಳ ಶಾಲೆಯ ಏಳನೇ ಇಯತ್ತೆಯ ನೀಲಿ ಲಂಗದ ತುಂಡು, ಅದರ ಮೇಲೆ ಮಸಿ ಚೆಲ್ಲಿದ ಕಲೆ. ಆ ಕಲೆಗೆ ಅವ್ವ ಬೆನ್ನ ಮೇಲೆ ನಾಲ್ಕು ಕೊಟ್ಟಿದ್ದಳು, ಆಮೇಲೆ ತಾನೂ ಅತ್ತಿದ್ದಳು. ಕತ್ತರಿ ಸರಿಯಾಗಿ ಆ ಕಲೆಯ ನಡುವೆಯೇ ಹಾದುಹೋಗಿತ್ತು. ಮಹಾಮಾಯಾ ಸೀಳಿನಿಂದ ಕೈ ಹಿಂದಕ್ಕೆಳೆದಳು. ಅವ್ವಾ ಎಂದು ಬಾಯಿತನಕ ಬಂದ ಶಬ್ದವನ್ನು ನುಂಗಿದಳು.

"ಒಳಗ ಹಳೇ ಕೌದಿ ಅದರಿ!" ಎಂದು ಯಾರೋ ಕೂಗಿದರು. ಮುಸರ್ರತ ಮೈಕನ್ನು ಅವಳ ಬಾಯಿಗೆ ಹಿಡಿದಳು. "ಮೇಡಂ, ಭಾಳ ಹಳೇದು ಕಾಣ್ತದ. ನಿಮ್ಮ ಬೆರಳಿಗೆ ಎಲ್ಲಾ ಗೊತ್ತಾಗ್ತದಂತಲ್ಲ, ಇದು ಯಾರ ಕೈದಿರಬಹುದು?"

ಪ್ರಣಾಲಿ ಎದ್ದು ನಿಂತಿದ್ದಳು. "ಗುರ್ತು ಸಿಕ್ತೇನ್ರಿ ಅಕ್ಕಾರ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡುವ ಹಾಗಿತ್ತು.

ಹೌದು ಎನ್ನಬಹುದಿತ್ತು. ಒಂದು ಕ್ಷಣ ನಾಚಿಕೆಯಾಗುತ್ತಿತ್ತು, ಜನ ಮರುಗುತ್ತಿದ್ದರು, ಕೌದಿ ಕೈಗೆ ಬರುತ್ತಿತ್ತು. ಆದರೆ ಮಹಾಮಾಯಾಳಿಗೆ ಕಂಡದ್ದು ಇಪ್ಪತ್ತು ಮೊಬೈಲು. ಮುಟ್ಟಿಯೂ ತಾಯಿಯ ಕೌದಿ ಗುರುತು ಹಿಡಿಯದವಳು, ಅದನ್ನು ಸತ್ತ ಕೈ ಎಂದವಳು, ಎಲ್ಲರೆದುರು ಕತ್ತರಿಸಿದವಳು. ನಾಳೆ ದೆಹಲಿಯವರೂ ನೋಡುತ್ತಾರೆ. ಮೂವತ್ತು ವರ್ಷದ ಹೆಸರು ಆ ಒಂದೂವರೆ ಗೇಣಿನ ಸೀಳಿನಲ್ಲಿ ಬಿದ್ದುಹೋಗುತ್ತದೆ.

"ಇಲ್ಲ" ಎಂದಳು. "ಇಂಥವು ಹಳ್ಯಾಗ ಮನಿಗೆ ಹತ್ತು ಸಿಗ್ತಾವ."

ಅಷ್ಟಕ್ಕೆ ನಿಲ್ಲಿಸಿದ್ದರೆ ಅವಳನ್ನು ಹೇಗೋ ಕ್ಷಮಿಸಬಹುದಿತ್ತು. ಆದರೆ ಜನ ಇನ್ನೂ ನೋಡುತ್ತಿದ್ದರು, ಅವಳಿಗೆ ಮಾತು ಮುಗಿಸಬೇಕಿತ್ತು.

"ಹೊರಗಿಂದರ ನೆಟ್ಟಗದ. ಒಳಗಿಂದು ಅದೂ ಇಲ್ಲ. ಒಂದು ಗಿಡ್ಡ, ಒಂದು ಉದ್ದ. ಅಳತಿ ಗೊತ್ತಿಲ್ಲದಾಕಿ ಹೊಲಿದದ್ದು. ಮುಂದಿಂದು ತೋರಸ್ರಿ."

ಪ್ರಣಾಲಿ ಮತ್ತೆ ಕುರ್ಚಿಯಲ್ಲಿ ಕೂತಳು.

ಬಹುಮಾನ ಹಂಚಿ, ಶಾಲು ಹೊದಿಸಿಕೊಂಡು, ಚಹಾ ಕುಡಿಯುವಾಗ ಮಹಾಮಾಯಾ ಅವಳನ್ನು ಕೈಹಿಡಿದು ಅಡುಗೆ ಕೋಣೆಯ ಬದಿಗೆ ಕರೆದೊಯ್ದಳು. ಹದಿನೇಳನೇ ಕೌದಿ ಪ್ರಣಾಲಿಯ ತೋಳ ಮೇಲಿತ್ತು, ಸೀಳು ಹೊರಗೆ ಕಾಣುತ್ತಿತ್ತು.

"ಹಿಂಗ ಮಾಡ್ತಾರೇನು ಪ್ರಣಾಲಿ? ಮೊದಲೇ ಹೇಳಬಾರದಾ?"

"ನಿಮ್ಮ ಬೆರಳು ಹೇಳ್ತದ ಅಂದಿದ್ರಿ" ಎಂದಳು ಪ್ರಣಾಲಿ. "ಖರೇ ಹೇಳ್ತೇನ್ರಿ, ನಿಮಗೇ ಕೊಡಬೇಕಂತ ತಂದಿದ್ದೆ. ಅದು ಮುಟ್ಟಿದ್ರ ಹರೀತಿತ್ತು. ಐದು ವರ್ಷ ಕುಂತು ಮ್ಯಾಲ, ಕೆಳಗ ಪದರು ಹಾಕೀನಿ. ನೀವು ಕೈ ಇಟ್ಟ ಕೂಡಲೇ ಅವ್ವ ಅಂತೀರಿ, ಅಂದ್ರ ನನ್ನ ಹೊಲಿಗೀನೂ ಒಮ್ಮೆ ನೋಡ್ತೀರಿ ಅಂತ ಆಸೆ ಇತ್ತರಿ."

"ಆತು, ಆಗಿದ್ದು ಆತು. ಈಗ ಕೊಡು. ದಿಲ್ಲಿಗಿ ಕಳಿಸಬೇಕು. ಸೀಳು ನಾ ಹೊಲೀತೇನಿ."

"ಕೊಡ್ತೇನ್ರಿ." ಪ್ರಣಾಲಿ ಕೌದಿಯನ್ನು ಅಡುಗೆ ಕಟ್ಟೆಯ ಮೇಲಿಟ್ಟು ಹೊರಗಿನ ಸಭಾಂಗಣದ ಕಡೆ ಕೈ ಮಾಡಿದಳು. "ಇನ್ನ ಮಂದಿ ಅದಾರ. ಇದು ನಮ್ಮ ಅವ್ವಂದು ಅಂತ ಹೋಗಿ ಒಂದ ಮಾತು ಹೇಳ್ರಿ. ಆಕಿ ಹೊಲಿಗಿಗಿ ಅಳತಿ ಇತ್ತು ಅಂತ ಹೇಳ್ರಿ. ಈಗೇ ಕೊಡ್ತೇನಿ."

ಮಹಾಮಾಯಾ ಸಭಾಂಗಣದ ಕಡೆ ನೋಡಿದಳು. ಮುಸರ್ರತ ಮೈಕಿನ ವೈರು ಸುತ್ತುತ್ತಿದ್ದಳು. ಔರಾದ, ಭಾಲ್ಕಿಯ ಹೆಂಗಸರು ತಮ್ಮ ಕೌದಿ ಗಂಟು ಕಟ್ಟುತ್ತ ನಿಂತಿದ್ದರು. ಅವರಲ್ಲಿ ಅವಳ ಮಾತಿನ ಬರೆ ತಿನ್ನದವರು ಒಬ್ಬರೂ ಇರಲಿಲ್ಲ. ಅವರ ಮುಂದೆ ತಲೆ ತಗ್ಗಿಸುವುದು ಅವಳಿಂದ ಸಾಧ್ಯವೇ ಇರಲಿಲ್ಲ.

ಅಷ್ಟರಲ್ಲಿ ಗೋರಖನಾಥ ಒಳಗೆ ಬಂದ. ಚೌಕಟ್ಟುಗಳನ್ನು ಬಾಡಿಗೆಯವನಿಗೆ ಮರಳಿಸಬೇಕಿತ್ತು. "ಈ ಹರಿದ ಕೌದಿ ಯಾರದ್ರಿ ಮೇಡಂ? ಗಾಡ್ಯಾಗ ಹಾಸ್ಲಿಕ್ಕೆ ಏನರ ಬೇಕಾಗಿತ್ತು. ಕಬ್ಬಿಣ ಭಾಳ ಸಪ್ಪಳ ಮಾಡ್ತದ."

"ಅಕ್ಕಾರನ್ನ ಕೇಳ್ರಿ" ಎಂದಳು ಪ್ರಣಾಲಿ. ಮಹಾಮಾಯಾಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ಬಾಗಿಲಲ್ಲಿ ಮುಸರ್ರತ ಬಂದು ನಿಂತಳು, ಹೋಗಿ ಬರುತ್ತೇನೆ ಎನ್ನಲು.

"ನನಗೇನ್ ಗೊತ್ತಪ್ಪಾ" ಎಂದಳು ಮಹಾಮಾಯಾ. "ಯಾರೋ ಬಿಟ್ಟು ಹೋಗ್ಯಾರ."

ಪ್ರಣಾಲಿಯ ಮುಖದಲ್ಲಿದ್ದ ಕೊನೆಯ ಮೆದುವೂ ಆ ಮಾತಿಗೆ ಹೋಯಿತು. ಆರು ವರ್ಷ ಆ ಮುದುಕಿಯ ಮೈ ತೊಳೆದವಳು, ಐದು ವರ್ಷ ಆ ಕೌದಿಯ ಮೇಲೆ ಬಗ್ಗಿದವಳು, ನಂಬರು ಚೀಟಿ ಕಿತ್ತು ಕೌದಿಯನ್ನು ಗೋರಖನಾಥನ ಕೈಗೆ ಕೊಟ್ಟಳು. "ಒಯ್ರಿ. ಹೆತ್ತ ಮಗಳೇ ಗೊತ್ತಿಲ್ಲ ಅಂದ್ಲು, ಸೊಸಿ ಇಟ್ಕೊಂಡು ಏನ್ ಮಾಡ್ಲಿ?" ಎಂದು, ಅವನಿಗೆ ಅರ್ಥವಾಗುವ ಮೊದಲೇ ಭಾಲ್ಕಿ ಬಸ್ಸಿಗೆಂದು ಹೊರಟುಬಿಟ್ಟಳು. ಮುಸರ್ರತ ಮಾತ್ರ ಅಲ್ಲೇ ನಿಂತಳು. ಒಮ್ಮೆ ಪ್ರಣಾಲಿಯ ಬೆನ್ನು ನೋಡಿದಳು, ಒಮ್ಮೆ ಮಹಾಮಾಯಾಳ ಮುಖ ನೋಡಿದಳು. ಏನೂ ಕೇಳಲಿಲ್ಲ. ಕೇಳದಿದ್ದದ್ದಕ್ಕೇ ಮಹಾಮಾಯಾಳಿಗೆ ಹೆದರಿಕೆಯಾಯಿತು.

ಅವಳು ಹೊರಗೆ ಬಂದಾಗ ಗೋರಖನಾಥ ಚಪ್ಪಲಿಗಾಲಲ್ಲೇ ಗಾಡಿ ಹತ್ತಿ ಕೌದಿ ಹಾಸುತ್ತಿದ್ದ. ಗಂಜಿನ ಹಮಾಲನೊಬ್ಬ ಕೆಳಗಿನಿಂದ ಚೌಕಟ್ಟು ಎತ್ತಿಕೊಡುತ್ತಿದ್ದ. ನಾಲ್ಕು ಚೌಕಟ್ಟು ಬಿದ್ದ ಮೇಲೆ ಒಂದು ಬದಿ ಮಡಚಿಕೊಂಡಿತು. ಮೆಟ್ಟಿಲ ಮೇಲೆ ಮುಸರ್ರತ ನಿಂತು ಇತ್ತಲೇ ನೋಡುತ್ತಿದ್ದಳು.

"ಮೇಡಂ, ಅಲ್ಲೇ ನಿಂತೀರಿ, ಜರಾ ಆ ಚುಂಗು ನಿಮ್ಮ ಕಡಿ ಜಗ್ರಿ" ಎಂದ ಗೋರಖನಾಥ.

ಮಹಾಮಾಯಾ ಶಾಲು ಸರಿಮಾಡಿಕೊಂಡು, ಎರಡೂ ಕೈಯಿಂದ ಕೌದಿಯನ್ನು ಎಳೆದು ಕಬ್ಬಿಣದ ಕೆಳಗೆ ಸುಕ್ಕಿಲ್ಲದಂತೆ ಸಾಪಾಗಿ ಹಾಸಿದಳು.

"ಬರೋಬರಿ ಆತೇನಪ್ಪಾ?" ಎಂದು ಕೇಳಿದಳು.

"ಆತ್ರಿ, ಕೈ ತೆಗೀರಿ" ಎಂದು ಅವನು ಮುಂದಿನ ಚೌಕಟ್ಟು ಬಿಟ್ಟ.